ಉಣ್ಣೆಯ ಮನೆ ನಾಯಿಯ ಮೈಯಲ್ಲ, ಗೋಡೆಯ ಬಿರುಕು

ದೇವಲಾಪುರ (ನಾಗಮಂಗಲ ತಾ.): ಯುಗಾದಿ ಹಬ್ಬಕ್ಕೆಂದು ಬೆಂಗಳೂರು, ಮೈಸೂರುಗಳಿಂದ ಹುಟ್ಟೂರಿಗೆ ಬರುವ ಕುಟುಂಬಗಳು ಈಚಿನ ವರ್ಷಗಳಲ್ಲಿ ತಮ್ಮೊಂದಿಗೆ ಸಾಕುನಾಯಿಯನ್ನೂ ಕರೆತರುವುದು ರೂಢಿಯಾಗಿದೆ. ನಗರದ ನುಣುಪು ನೆಲಹಾಸಿನ ಮೇಲೆ ಬೆಳೆದ ನಾಯಿ ನಾಲ್ಕು ದಿನ ಜಗುಲಿಯಲ್ಲಿ ಮಲಗುತ್ತದೆ, ಹಿತ್ತಲಲ್ಲಿ ಓಡಾಡುತ್ತದೆ, ಕುರಿದೊಡ್ಡಿಯ ಬಳಿ ಮೂಸುತ್ತದೆ. ಮರಳಿ ಹೋದ ಎರಡು-ಮೂರು ವಾರಗಳಲ್ಲಿ ಅದು ಅನ್ನ ಬಿಡುತ್ತದೆ, ಮೂಲೆ ಹಿಡಿಯುತ್ತದೆ. ಅಷ್ಟರಲ್ಲಿ ಹಬ್ಬ ಮರೆತುಹೋಗಿರುತ್ತದೆ. ಆ ಜ್ವರಕ್ಕೂ ಊರಿನ ಜಗುಲಿಗೂ ಸಂಬಂಧವಿರಬಹುದೆಂಬ ಯೋಚನೆಯೇ ಯಜಮಾನನಿಗೆ ಬರುವುದಿಲ್ಲ.

ದೇವಲಾಪುರವು ನಾಗಮಂಗಲ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲೊಂದು. ಮಂಡ್ಯ ಜಿಲ್ಲೆ ಎಂದೊಡನೆ ನಾಲೆ, ಕಬ್ಬು, ಭತ್ತದ ಗದ್ದೆ ಕಣ್ಣಮುಂದೆ ಬರುವುದಾದರೂ ಈ ತಾಲ್ಲೂಕು ಬಹುಪಾಲು ಮಳೆಯಾಶ್ರಿತ. ರಾಗಿ, ಹುರುಳಿ, ತೆಂಗು, ಜೊತೆಗೆ ಕುರಿ-ಮೇಕೆ ಸಾಕಣೆ ಇಲ್ಲಿಯ ಬದುಕು. ಹಳೆಯ ಮನೆಗಳ ಕಲ್ಲುಚಪ್ಪಡಿಯ ಸಂದು, ಮಣ್ಣುಗೋಡೆಯ ಬಿರುಕು, ಕೊಟ್ಟಿಗೆಯ ಮೂಲೆ, ನಾಯಿಗೆಂದು ಹಾಸಿದ ಗೋಣಿಚೀಲ- ಇವೆಲ್ಲ ಉಣ್ಣೆಗೆ ಹೇಳಿ ಮಾಡಿಸಿದ ತಾವುಗಳು. ಹಾಗೆಂದು ದೋಷವನ್ನೆಲ್ಲ ಹಳ್ಳಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ನಾಯಿಯ ಉಣ್ಣೆ ಬೆಂಗಳೂರಿನ ಐದನೇ ಮಹಡಿಯ ಫ್ಲ್ಯಾಟಿನಲ್ಲೂ ಬಾಗಿಲುವಾಡದ ಹಿಂದೆ ಸಂಸಾರ ಹೂಡಬಲ್ಲದು. ಊರಿನಿಂದ ನಗರಕ್ಕೆ ಹೋದಷ್ಟೇ ಸುಲಭವಾಗಿ ನಗರದಿಂದ ಊರಿಗೂ ಬರಬಲ್ಲದು.

ನಾಯಿ ಸಾಕುವವರಲ್ಲಿ ಹೆಚ್ಚಿನವರು ಉಣ್ಣೆಯನ್ನು ಮೈಕೊಳೆಯ ಸಮಸ್ಯೆ ಎಂದೇ ತಿಳಿದಿದ್ದಾರೆ. ಕಂಡಾಗ ಕಿತ್ತು, ಭಾನುವಾರ ಸೋಪು ಹಾಕಿ ಸ್ನಾನ ಮಾಡಿಸಿದರೆ ಮುಗಿಯಿತು ಎಂಬುದು ಭಾವನೆ. ಮರುವಾರವೇ ಮತ್ತೆ ಅಷ್ಟೇ ಉಣ್ಣೆ ಕಂಡಾಗ ಸೋಪು ಬದಲಿಸುತ್ತಾರೆ. ವರ್ಷಾನುಗಟ್ಟಲೆ ನಾಯಿ ಸಾಕಿ ಪಳಗಿದವರು ಮೊದಲು ನೋಡುವುದು ನಾಯಿಯನ್ನಲ್ಲ, ಅದು ಮಲಗುವ ಜಾಗವನ್ನು.

ಇದಕ್ಕೆ ಕಾರಣ ಉಣ್ಣೆಯ ಜೀವನಕ್ರಮದಲ್ಲೇ ಇದೆ. ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕಂದು ಬಣ್ಣದ ನಾಯಿ ಉಣ್ಣೆ. ವಿಜ್ಞಾನಿಗಳು ಇಟ್ಟ ಹೆಸರು ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್. ಮೊಟ್ಟೆಯಿಂದ ಹೊರಬಂದ ಮರಿ ನಾಯಿಯ ಮೈಯೇರಿ ಕೆಲವು ದಿನ ರಕ್ತ ಹೀರಿ ಕೆಳಗೆ ಬೀಳುತ್ತದೆ. ಬಿರುಕಿನಲ್ಲಿ ಅವಿತು ಪೊರೆ ಕಳಚುತ್ತದೆ. ಮತ್ತೆ ಏರುತ್ತದೆ, ಹೀರುತ್ತದೆ, ಬೀಳುತ್ತದೆ. ಪ್ರೌಢಾವಸ್ಥೆಯಲ್ಲಿ ಮೂರನೆಯ ಬಾರಿ ಏರಿದ ಹೆಣ್ಣು ಹೊಟ್ಟೆತುಂಬ ರಕ್ತ ಹೀರಿ ಅವರೆಕಾಳಿನಂತೆ ಊದಿಕೊಂಡು ಉದುರುತ್ತದೆ. ಗೋಡೆಯ ಸಂದಿನಲ್ಲಿ ಅದು ಒಂದೇ ಸಲಕ್ಕೆ ಇಡುವ ಮೊಟ್ಟೆಗಳು ಸಾವಿರಗಳ ಲೆಕ್ಕದಲ್ಲಿರುತ್ತವೆ. ಸುಮಾರು 4,000 ಎಂಬುದು ಸಾಮಾನ್ಯ ಅಂದಾಜು. ನಮ್ಮ ಬೇಸಿಗೆಯ ಬಿಸಿಲಿಗೆ ಈ ಚಕ್ರ ಎರಡು-ಮೂರು ತಿಂಗಳಲ್ಲೇ ಮುಗಿದು ಹೊಸದು ಆರಂಭವಾಗುತ್ತದೆ. ಆಹಾರ ಸಿಗದಿದ್ದರೆ ಪ್ರೌಢ ಉಣ್ಣೆ ತಿಂಗಳುಗಟ್ಟಲೆ ಉಪವಾಸವಿದ್ದು ಕಾಯಬಲ್ಲದು. ಬೀಗ ಹಾಕಿದ್ದ ಮನೆಗೆ ವರ್ಷದ ನಂತರ ನಾಯಿ ಬಂದರೂ ಅದಕ್ಕೆ ಉಣ್ಣೆ ಹತ್ತುವುದು ಇದರಿಂದಲೇ.

ಹೀಗೆ ಆಯುಷ್ಯದ ಬಹುಭಾಗವನ್ನು ಉಣ್ಣೆ ನಾಯಿಯ ಮೈಯಿಂದ ಹೊರಗೇ ಕಳೆಯುತ್ತದೆ. ಮೈಮೇಲೆ ಹತ್ತು ಕಂಡರೆ ಮನೆಯಲ್ಲಿ ಅದರ ಎಷ್ಟೋ ಪಾಲು ಇದೆ ಎಂದೇ ತಿಳಿಯಬೇಕು. ಇನ್ನೊಂದು ವಿಶೇಷವೆಂದರೆ ಈ ಉಣ್ಣೆಗೆ ಮೇಲಕ್ಕೆ ಹತ್ತುವ ಸ್ವಭಾವವಿದೆ. ನೆಲ ತೊಳೆದು ಸುಮ್ಮನಾಗುವವರು ಕಿಟಕಿಯ ಮೇಲ್ತುದಿ, ಪರದೆಯ ಮಡಿಕೆ, ಮಂಚದ ಅಡಿಭಾಗ, ಚಾವಣಿಯ ಮೂಲೆಗಳನ್ನು ನೋಡುವುದೇ ಇಲ್ಲ.

ದನದ ಕೊಟ್ಟಿಗೆಯೇ ಮೂಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ದನಕ್ಕೆ ಹತ್ತುವ ಮುಖ್ಯ ಉಣ್ಣೆ ಬೇರೆ ಜಾತಿಯದು. ಅದಕ್ಕೆ ದನವೇ ಬೇಕು. ಆದರೆ ನಾಯಿ ಕೊಟ್ಟಿಗೆಯಲ್ಲೇ ಮಲಗುವುದಾದರೆ ಅದರದೇ ಉಣ್ಣೆ ಅಲ್ಲಿಯ ಗೋಡೆಯಲ್ಲಿ ನೆಲೆಸುತ್ತದೆ. ಕುರುಚಲು ಕಾಡಿನಲ್ಲಿ, ಕುರಿಹಿಂಡಿನ ಜೊತೆ ಅಲೆಯುವ ನಾಯಿಗೆ ಇತರ ಜಾತಿಯ ಉಣ್ಣೆಗಳೂ ಹತ್ತುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ನೆನಪಿನಿಂದ ಉಣ್ಣೆ ಕಂಡೊಡನೆ ಗಾಬರಿಯಾಗುವವರುಂಟು. ಅದನ್ನು ಮುಖ್ಯವಾಗಿ ಹರಡುವುದು ಮಲೆನಾಡಿನ ಕಾಡಿನ ಬೇರೊಂದು ಉಣ್ಣೆ. ಆದರೂ ನಾಯಿ ಉಣ್ಣೆ ಮನುಷ್ಯರಿಗೆ ತೀರ ನಿರುಪದ್ರವಿಯಲ್ಲ. ಬಿಸಿಲು ಹೆಚ್ಚಿದಾಗ ಅದು ಮನುಷ್ಯರನ್ನೂ ಕಚ್ಚಬಹುದು, ಟಿಕ್ ಟೈಫಸ್ ಜ್ವರ ತರಬಹುದು.

ಮೂರು ಜ್ವರಗಳು

ಉಣ್ಣೆ ಹೀರುವ ರಕ್ತ ದೊಡ್ಡ ನಷ್ಟವಲ್ಲ, ಮರಿನಾಯಿಗಳ ಮಾತು ಬೇರೆ. ನಿಜವಾದ ಅಪಾಯ ಅದು ರಕ್ತಕ್ಕೆ ಬಿಡುವ ರೋಗಾಣುಗಳದ್ದು. ‘ಟಿಕ್ ಫೀವರ್’ ಎಂದು ಎಲ್ಲರೂ ಕರೆಯುವುದು ವಾಸ್ತವವಾಗಿ ಒಂದೇ ರೋಗವಲ್ಲ. ಎರ್ಲಿಕಿಯಾ ಎಂಬುದು ಬ್ಯಾಕ್ಟೀರಿಯಾ. ಬಿಳಿ ರಕ್ತಕಣಗಳಲ್ಲಿ ವಾಸಿಸುತ್ತದೆ. ಬೆಬಿಸಿಯಾ ಎಂಬುದು ಮಲೇರಿಯಾದ ಪರೋಪಜೀವಿಯಂತೆ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹೆಪಟೊಜೂನ್ ಮೂರನೆಯದು, ನಾಯಿ ತನ್ನ ಮೈಯ ಉಣ್ಣೆಯನ್ನು ಕಚ್ಚಿ ನುಂಗಿದಾಗ ಇದು ಹೊಟ್ಟೆ ಸೇರುತ್ತದೆ.

ಇವು ಹೊರಗಿನಿಂದ ಈಚೆಗೆ ಬಂದ ರೋಗಗಳೆಂಬ ಭಾವನೆ ಬೇಡ. ಹೆಪಟೊಜೂನ್ ಅನ್ನು 1905ರಲ್ಲಿ ಮೊದಲು ವರ್ಣಿಸಿದ್ದು ಭಾರತದಲ್ಲೇ. ಬೆಬಿಸಿಯಾದ ಗಿಬ್ಸೋನಿ ಎಂಬ ಪ್ರಭೇದವನ್ನು 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಮದರಾಸಿನ ಬೇಟೆ ನಾಯಿಗಳ ರಕ್ತದಲ್ಲಿ, ಬಳಿಕ ನರಿಗಳ ರಕ್ತದಲ್ಲಿ ಕಂಡರು. ಎರ್ಲಿಕಿಯಾ ಬೆಳಕಿಗೆ ಬಂದದ್ದು 1935ರಲ್ಲಿ, ಅಲ್ಜೀರಿಯಾದಲ್ಲಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಸೇನೆಯ ನೂರಾರು ನಾಯಿಗಳನ್ನು, ಅದರಲ್ಲೂ ಜರ್ಮನ್ ಶೆಫರ್ಡ್‌ಗಳನ್ನು ಅದು ಬಲಿ ಪಡೆದ ಮೇಲೆಯೇ ಅದರ ಭೀಕರತೆ ಜಗತ್ತಿಗೆ ಮನವರಿಕೆಯಾಯಿತು. ಇಂದಿಗೂ ಜರ್ಮನ್ ಶೆಫರ್ಡ್ ತಳಿಯಲ್ಲಿ ಈ ರೋಗ ಉಳಿದವಕ್ಕಿಂತ ತೀವ್ರವಾಗಿರುತ್ತದೆ. ನಾಟಿ ನಾಯಿಗೆ ಬರುವುದೇ ಇಲ್ಲ ಎನ್ನುವುದು ಮಾತ್ರ ಸುಳ್ಳು.

ಅನ್ನ ಬಿಡುವುದು, ಜ್ವರ, ಕಣ್ಣಲ್ಲಿ ಪಿಸುರು, ದವಡೆಯ ಕೆಳಗೆ ಗಂಟು, ಹೊಟ್ಟೆಯ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ, ಮೂಗಿನಿಂದ ರಕ್ತ- ಎರ್ಲಿಕಿಯಾ ಸೋಂಕಿನ ಚಿಹ್ನೆಗಳು. ಬೆಬಿಸಿಯಾದಲ್ಲಿ ವಸಡು ಬಿಳಿಚಿಕೊಳ್ಳುತ್ತದೆ ಅಥವಾ ಹಳದಿಯಾಗುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಆದ್ದರಿಂದ ಊಹೆಯ ಮೇಲೆ ಔಷಧಿ ಕೊಡದೆ ರಕ್ತಪರೀಕ್ಷೆ ಮಾಡಿಸಲೇಬೇಕು. ರಕ್ತಲೇಪನದ ಗಾಜು, ಪ್ಲೇಟ್‌ಲೆಟ್ ಎಣಿಕೆ ಇವೆರಡೇ ವೈದ್ಯರಿಗೆ ಸಾಕಷ್ಟು ದಾರಿ ತೋರಿಸುತ್ತವೆ. ಗಿಬ್ಸೋನಿ ಬೆಬಿಸಿಯಾಕ್ಕೆ ಸಾಮಾನ್ಯ ಬೆಬಿಸಿಯಾದ ಚುಚ್ಚುಮದ್ದು ಸರಿಯಾಗಿ ನಾಟುವುದಿಲ್ಲ. ಅದರ ಚಿಕಿತ್ಸೆಯೇ ಬೇರೆ, ಖರ್ಚೂ ಹೆಚ್ಚು.

ಜ್ವರ ನೋಡುವ ಬಗೆಯನ್ನೂ ಕಲಿಯಬೇಕು. ನಾಯಿಯ ಮೂಗು ಮುಟ್ಟಿ ಜ್ವರ ಹೇಳುವುದು ಕುರುಡು ಲೆಕ್ಕ. ಆರೋಗ್ಯವಂತ ನಾಯಿಯ ಮೈಶಾಖವೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯನ ಲೆಕ್ಕದಲ್ಲಿ ಇದನ್ನು ಜ್ವರವೆಂದು ಭಾವಿಸಿ ಮನೆಯಲ್ಲಿರುವ ಮಾತ್ರೆಯನ್ನು ಅರ್ಧ ಮುರಿದು ಹಾಕುವವರಿದ್ದಾರೆ. ಪ್ಯಾರಸಿಟಮಾಲ್ ನಾಯಿಯ ಯಕೃತ್ತಿಗೆ ಹಾನಿ ಮಾಡಬಲ್ಲದು. ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳು ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ. ಪ್ಲೇಟ್‌ಲೆಟ್ ಆಗಲೇ ಕುಸಿದಿರುವ ನಾಯಿಗೆ ಇದು ಪ್ರಾಣಾಂತಿಕ. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ ಎಂದು ನೋಡುವುದು ಅನುಭವಿಗಳ ಸರಳ ಪರೀಕ್ಷೆ. ನಾಯಿ ಚೆನ್ನಾಗಿರುವಾಗಲೇ ಅದರ ವಸಡಿನ ಬಣ್ಣವನ್ನು ಗುರುತಿಟ್ಟುಕೊಂಡವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ.

ಇಪ್ಪತ್ತೆಂಟು ದಿನ

ಹೆಚ್ಚು ನಾಯಿಗಳು ಸಾಯುವುದು ಚಿಕಿತ್ಸೆ ಸಿಗದೆ ಮಾತ್ರವಲ್ಲ, ಅರ್ಧ ಸಿಕ್ಕಿ. ಎರ್ಲಿಕಿಯಾಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಔಷಧಿಯ ಅವಧಿ ಸಾಮಾನ್ಯವಾಗಿ 28 ದಿನ. ಆದರೆ ಔಷಧಿ ಆರಂಭಿಸಿದ ಒಂದೆರಡು ದಿನದಲ್ಲೇ ಜ್ವರ ಇಳಿದು, ನಾಯಿ ಬಾಲ ಆಡಿಸಿ ಊಟಕ್ಕೆ ಬರುತ್ತದೆ. ಐದನೇ ದಿನಕ್ಕೆ ಮಾತ್ರೆಯ ಪಟ್ಟಿ ಕಪಾಟು ಸೇರುತ್ತದೆ. ರೋಗಾಣು ಮಾತ್ರ ಗುಲ್ಮದಲ್ಲಿ ಅಡಗಿ ಕುಳಿತಿರುತ್ತದೆ. ಈ ಮೌನದ ಹಂತ ತಿಂಗಳುಗಳಲ್ಲ, ವರ್ಷಗಳೂ ನಡೆಯಬಹುದು. ನಾಯಿ ಓಡುತ್ತದೆ, ಆಡುತ್ತದೆ, ಬೊಗಳುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಕೊನೆಗೆ ಅಸ್ಥಿಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಿದಾಗ ಒಂದು ದಿನ ಮೂಗಿನಿಂದ ಇಳಿದ ರಕ್ತ ನಿಲ್ಲುವುದೇ ಇಲ್ಲ. ಆ ಹಂತದಲ್ಲಿ ಅದೇ ಮಾತ್ರೆಗೆ ಕೆಲಸ ಮಾಡುವ ಶಕ್ತಿ ಬಹಳ ಕಡಿಮೆ.

ಈ ಕಾರಣದಿಂದಲೇ ತಿಳಿದವರು ಮಾತ್ರೆಯ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಬರಿಹೊಟ್ಟೆಯಲ್ಲಿ ಕೊಟ್ಟರೆ ವಾಂತಿಯಾಗುವುದರಿಂದ ಊಟದ ಜೊತೆ ಕೊಡುತ್ತಾರೆ. ಒಣಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣಾಗದಂತೆ ಹಿಂದೆಯೇ ನೀರು ಕುಡಿಸುತ್ತಾರೆ. ಅವಧಿ ಮುಗಿದ ಮೇಲೆ ಇನ್ನೊಮ್ಮೆ ರಕ್ತದ ಎಣಿಕೆ ಮಾಡಿಸುತ್ತಾರೆ. ಒಮ್ಮೆ ಗುಣವಾದ ನಾಯಿಗೆ ಮತ್ತೆ ಬರುವುದಿಲ್ಲ ಎಂಬ ಭರವಸೆಯೂ ಇಲ್ಲ, ಹೊಸ ಉಣ್ಣೆ ಹೊಸ ಸೋಂಕು ತರುತ್ತದೆ. ವರ್ಷಕ್ಕೊಮ್ಮೆ ಹಾಕಿಸುವ ರೇಬೀಸ್, ಪಾರ್ವೊ, ಡಿಸ್ಟೆಂಪರ್ ಲಸಿಕೆಗಳಿಗೂ ಈ ಜ್ವರಗಳಿಗೂ ಸಂಬಂಧವಿಲ್ಲ.

ರಕ್ತ ಕಡಿಮೆಯಾದ ನಾಯಿಯ ಊಟದ ವಿಷಯದಲ್ಲಿ ಈ ಸೀಮೆಯ ಮನೆಗಳಿಗೆ ಒಂದು ಕಿವಿಮಾತಿದೆ. ಮುದ್ದೆಯಿಂದ ನಾಯಿಗೆ ಕೇಡಿಲ್ಲ. ಅದರೊಡನೆ ಸುರಿಯುವ ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುವ ಗುಣವುಳ್ಳವು. ಗಟ್ಟಿಮುಟ್ಟಾದ ನಾಯಿ ಚೂರುಪಾರು ತಡೆದುಕೊಂಡೀತು, ಬೆಬಿಸಿಯಾದಿಂದ ನರಳುವ ನಾಯಿ ತಡೆದುಕೊಳ್ಳದು. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣೆ ಬಿಡುತ್ತದೆ ಎಂಬ ಸಲಹೆಯಂತೂ ಎರಡು ಪಟ್ಟು ತಪ್ಪು. ಮುದ್ದೆಯನ್ನು ಮಜ್ಜಿಗೆಗೋ, ಉಪ್ಪುಖಾರವಿಲ್ಲದ ಮಾಂಸದ ತಿಳಿಗೋ ಕಲಸಿ ಕೊಡಬಹುದು; ಬೇಯಿಸಿದ ಮೊಟ್ಟೆ ಒಳ್ಳೆಯದು.

ಕೀಳುವುದು, ಕೊಲ್ಲುವುದು

ದಿನಕ್ಕೊಮ್ಮೆ ರೋಮವನ್ನು ಹಿಮ್ಮುಖವಾಗಿ ಬಾಚಿ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕೊರಳಪಟ್ಟಿಯ ಅಡಿ, ಕಂಕುಳು, ಬಾಲದ ಬುಡ ನೋಡುವುದಕ್ಕೆ ಐದು ನಿಮಿಷ ಸಾಕು. ಎರ್ಲಿಕಿಯಾ ರೋಗಾಣು ಉಣ್ಣೆ ಕಚ್ಚಿದ ಕೆಲವೇ ಗಂಟೆಗಳಲ್ಲಿ ರಕ್ತ ಸೇರಬಲ್ಲದಾದ್ದರಿಂದ ಭಾನುವಾರದವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಊದುಬತ್ತಿಯಿಂದ ಸುಡುವುದು ಉಣ್ಣೆಯನ್ನು ಕೆರಳಿಸುತ್ತದೆ, ನಾಯಿಯ ಚರ್ಮವನ್ನೂ ಕೆಡಿಸುತ್ತದೆ. ಕಿತ್ತದ್ದನ್ನು ಉಗುರಿನಲ್ಲಿ ಕುಕ್ಕಬಾರದು. ಅಂಗಳಕ್ಕೆ ಎಸೆದರೆ ಊದಿದ ಹೆಣ್ಣು ಅಲ್ಲಿಯೇ ಮೊಟ್ಟೆಯಿಡುತ್ತದೆ. ಸ್ಪಿರಿಟ್ ಇರುವ ಮುಚ್ಚಳದ ಡಬ್ಬಿಗೆ ಹಾಕುವುದು ಕ್ಷೇಮ.

ನಾಯಿಗೆ ಕೊಡುವ ಔಷಧಿಗಳಲ್ಲಿ ಇಂದು ಬೆನ್ನಿಗೆ ಬಿಡುವ ಫಿಪ್ರೊನಿಲ್ ದ್ರಾವಣ, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆಗಳು ಪ್ರಚಲಿತ. ದ್ರಾವಣ ಹಾಕುವ ಎರಡು ದಿನ ಮುಂಚೆ ಮತ್ತು ನಂತರ ಸ್ನಾನ ಮಾಡಿಸಬಾರದು. ನೆಕ್ಸ್‌ಗಾರ್ಡ್, ಬ್ರಾವೆಕ್ಟೊಗಳಂಥ ಮಾತ್ರೆಗಳು ಪರಿಣಾಮಕಾರಿ. ಆದರೆ ಈ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಹಿಂದೆ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಹೇಳಬೇಕು.

ಹಳ್ಳಿಗಳಲ್ಲಿ ನಡೆಯುವ ದೊಡ್ಡ ಅನಾಹುತವೆಂದರೆ ದನ-ಕುರಿಗೆಂದು ತಂದ ಔಷಧಿಯನ್ನು ಕಣ್ಣಂದಾಜಿನಲ್ಲಿ ನಾಯಿಗೆ ಬಳಸುವುದು. ದನದ ಐವರ್‌ಮೆಕ್ಟಿನ್ ಚುಚ್ಚುಮದ್ದಿನ ಸಾಂದ್ರತೆ ನಾಯಿಯ ತೂಕಕ್ಕೆ ಹೊಂದುವುದಿಲ್ಲ. ಕೋಲಿ ಮುಂತಾದ ತಳಿಗಳಿಗೆ ಅದು ಮಿದುಳಿಗೇ ಏರುವ ವಿಷ. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಬಳಿಯುವುದು ಇನ್ನೂ ಕೆಟ್ಟದ್ದು. ನಾಯಿ ನೆಕ್ಕಿಕೊಂಡ ಕೆಲ ಹೊತ್ತಿನಲ್ಲೇ ಜೊಲ್ಲು ಸುರಿದು, ನಡುಗಿ ಬೀಳುತ್ತದೆ.

ಇನ್ನು ಗೋಡೆ. ಬಿರುಕುಗಳಿಗೆ ಸಿಮೆಂಟ್ ತುಂಬಿ ಸುಣ್ಣ ಬಳಿಯುವುದು ಹಳೆಯ ಉಪಾಯ, ಇಂದಿಗೂ ಅದಕ್ಕಿಂತ ಒಳ್ಳೆಯದಿಲ್ಲ. ಗೋಣಿಚೀಲವನ್ನು ಸುಟ್ಟು, ಕುದಿನೀರಿನಲ್ಲಿ ಅದ್ದಬಹುದಾದ ಹಳೆಯ ಬೆಡ್‌ಶೀಟ್ ಹಾಸಬೇಕು. ವೈದ್ಯರು ಹೇಳಿದ ಪ್ರಮಾಣದಲ್ಲಿ ಡೆಲ್ಟಾಮೆಥ್ರಿನ್ ಅಥವಾ ಅಮಿಟ್ರಾಜ್ ದ್ರಾವಣವನ್ನು ಸಂದುಗಳಿಗೆ, ಮೇಲ್ಮೂಲೆಗಳಿಗೂ ಸಿಂಪಡಿಸಬೇಕು. ಒಂದು ಸಲಕ್ಕೆ ಮೊಟ್ಟೆಗಳು ಸಾಯವು. ಎರಡು ವಾರಕ್ಕೊಮ್ಮೆಯಂತೆ ಎರಡು ತಿಂಗಳಾದರೂ ನಡೆಸಿದರೆ ಚಕ್ರ ಮುರಿಯುತ್ತದೆ. ಒಣಗುವವರೆಗೆ ನಾಯಿಯನ್ನು ಹೊರಗಿಡಬೇಕು. ಮನೆಯಲ್ಲಿ ಬೆಕ್ಕಿದ್ದರೆ ಈ ಔಷಧಿಗಳ ಬಗ್ಗೆ ಮೊದಲೇ ವಿಚಾರಿಸಬೇಕು, ಬೆಕ್ಕಿಗೆ ಇವು ಮಾರಕವಾಗಬಲ್ಲವು. ಮಂಡ್ಯ ಜಿಲ್ಲೆಯ ರೇಷ್ಮೆ ಸಾಕುವ ಮನೆಗಳಂತೂ ಇನ್ನಷ್ಟು ಜಾಗರೂಕವಾಗಿರಬೇಕು. ಡೆಲ್ಟಾಮೆಥ್ರಿನ್ ತಾಗಿದ ಕೈಯಿಂದ ಸೊಪ್ಪು ಹಾಕಿದರೂ ಹುಳು ಉಳಿಯುವುದಿಲ್ಲ.

ಊರಿಗೆ ನಾಯಿ ಕರೆತರುವವರು ಹೊರಡುವ ಕೆಲವು ದಿನ ಮೊದಲೇ ಉಣ್ಣೆ ಔಷಧಿ ಹಾಕಿ, ಅದರದೇ ಹಾಸಿಗೆಯನ್ನು ಜೊತೆಗೆ ತಂದು, ಮರಳುವಾಗ ಕಾರು ಹತ್ತಿಸುವ ಮುನ್ನ ಮೈಯೆಲ್ಲ ಬಾಚಿ ನೋಡುವುದು ಲೇಸು. ಹಿಂದಿರುಗಿದ ಮೂರು ವಾರ ಊಟ, ವಸಡು, ಮೂತ್ರದ ಬಣ್ಣದ ಮೇಲೆ ಕಣ್ಣಿಡಬೇಕು. ಅನ್ನ ಬಿಟ್ಟ ಎರಡನೇ ಹೊತ್ತಿಗೇ ಹತ್ತಿರದ ಪಶು ಆಸ್ಪತ್ರೆಗೆ ಒಯ್ದು, ಊರಿಗೆ ಹೋಗಿ ಬಂದ ದಿನಾಂಕವನ್ನು ವೈದ್ಯರಿಗೆ ತಿಳಿಸಬೇಕು. ಬೆಂಗಳೂರಿನಲ್ಲಿರುವವರಿಗೆ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಚಿಕಿತ್ಸಾಲಯವೂ ಇದೆ.