ಗಡ್ಡೆ ಸೂಚಕಗಳ ಮೇಲೆ ದೇಹತೂಕದ ಪ್ರಭಾವ

ಗಡ್ಡೆ ಸೂಚಕಗಳು (ಟ್ಯೂಮರ್ ಮಾರ್ಕರ್‌ಗಳು) ಎಂದರೆ ಕ್ಯಾನ್ಸರ್ ಗಡ್ಡೆಯಿಂದಲೋ, ಗಡ್ಡೆಗೆ ಪ್ರತಿಕ್ರಿಯೆಯಾಗಿ ದೇಹದ ಇತರ ಜೀವಕೋಶಗಳಿಂದಲೋ ಉತ್ಪತ್ತಿಯಾಗುವ, ರಕ್ತ ಮೊದಲಾದವುಗಳಲ್ಲಿ ಅಳೆಯಬಹುದಾದ ವಸ್ತುಗಳು. ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ಪಿಎಸ್‌ಎ, ಯಕೃತ್ತಿಗೆ ಸಂಬಂಧಿಸಿದ ಎಎಫ್‌ಪಿ, ಅಂಡಾಶಯಕ್ಕೆ ಸಂಬಂಧಿಸಿದ ಸಿಎ-125, ದೊಡ್ಡ ಕರುಳಿಗೆ ಸಂಬಂಧಿಸಿದ ಸಿಇಎ ಇವುಗಳಲ್ಲಿ ಪ್ರಮುಖವಾದವು. ಪ್ರಯೋಗಾಲಯದ ವರದಿಯು ತಿಳಿಸುವುದು ರಕ್ತದಲ್ಲಿ ಆ ವಸ್ತುವಿನ ಸಾಂದ್ರತೆಯನ್ನೇ ಹೊರತು ದೇಹದಲ್ಲಿ ಅದು ಒಟ್ಟು ಎಷ್ಟಿದೆ ಎಂಬುದನ್ನಲ್ಲ. ತೂಕದ ಪ್ರಶ್ನೆ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ಹೀಮೋಡೈಲ್ಯೂಷನ್

ದೇಹ ದೊಡ್ಡದಾದಂತೆ ರಕ್ತದ ದ್ರವಭಾಗವಾದ ಪ್ಲಾಸ್ಮಾದ ಗಾತ್ರವೂ ಹೆಚ್ಚುತ್ತದೆ. ಒಂದೇ ಅಳತೆಯ ಬೆಲ್ಲವನ್ನು ಒಂದು ಲೋಟ ನೀರಿಗೂ ಒಂದು ತಂಬಿಗೆ ನೀರಿಗೂ ಹಾಕಿದರೆ ತಂಬಿಗೆಯ ಪಾನಕ ಸಪ್ಪೆಯಾಗುತ್ತದೆ, ಬೆಲ್ಲವೇನೂ ಕಡಿಮೆಯಾಗಿರುವುದಿಲ್ಲ. ಸೂಚಕದ ವಿಷಯದಲ್ಲಿಯೂ ನಡೆಯುವುದು ಇದೇ. ಇದನ್ನು ಹೀಮೋಡೈಲ್ಯೂಷನ್ ಎನ್ನುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ, ‘ರಕ್ತ ತೆಳುವಾಗಿಸುವ’ ಔಷಧಿಗಳಿಗೂ ಇದಕ್ಕೂ ಸಂಬಂಧವಿಲ್ಲ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 170 ಸೆಂಟಿಮೀಟರ್ ಎತ್ತರದ ಇಬ್ಬರು ಪುರುಷರಲ್ಲಿ ಒಬ್ಬರ ತೂಕ 65 ಕಿಲೋ, ಇನ್ನೊಬ್ಬರದು 105 ಕಿಲೋ ಎಂದಿರಲಿ. ಎತ್ತರ ಮತ್ತು ತೂಕಗಳಿಂದ ದೇಹದ ಮೇಲ್ಮೈ ವಿಸ್ತೀರ್ಣವನ್ನು ಕಂಡುಹಿಡಿದು, ಅದರಿಂದ ಪ್ಲಾಸ್ಮಾ ಗಾತ್ರವನ್ನು ಅಂದಾಜಿಸುವ ಸೂತ್ರದಂತೆ ಮೊದಲನೆಯವರಲ್ಲಿ ಸುಮಾರು 2.9 ಲೀಟರ್, ಎರಡನೆಯವರಲ್ಲಿ ಸುಮಾರು 3.6 ಲೀಟರ್ ಪ್ಲಾಸ್ಮಾ ಇರುತ್ತದೆ. ಇಬ್ಬರ ರಕ್ತದಲ್ಲಿಯೂ ಒಟ್ಟು 12 ಮೈಕ್ರೋಗ್ರಾಂ ಪಿಎಸ್‌ಎ ಇದ್ದರೆ ಮೊದಲನೆಯವರ ವರದಿ ಮಿಲಿಲೀಟರಿಗೆ 4.1 ನ್ಯಾನೋಗ್ರಾಂ ಎಂದೂ ಎರಡನೆಯವರದು 3.3 ಎಂದೂ ಬರುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ 4. ಹೀಗಾಗಿ ಮುಂದಿನ ಪರೀಕ್ಷೆಗೆ ಕರೆ ಬರುವುದು ತೆಳ್ಳಗಿರುವವರಿಗೆ ಮಾತ್ರ.

ಅಧ್ಯಯನಗಳು

ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇಲ್ಲದ ಪುರುಷರ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಿಎಸ್‌ಎ ಸರಾಸರಿಯು ಸಹಜ ತೂಕದವರಲ್ಲಿ 1.01 ಇದ್ದು, ತೀವ್ರ ಬೊಜ್ಜಿನವರಲ್ಲಿ 0.69ಕ್ಕೆ ಇಳಿದಿತ್ತು. 2007ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಲಯನೆಲ್ ಬನ್ಯೇಸ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಗೆ ಒಳಗಾದ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಮೂರು ಗುಂಪುಗಳ ವಿವರ ನೀಡಿದರು. ದೇಹ ದ್ರವ್ಯರಾಶಿ ಸೂಚ್ಯಂಕ (ಬಿಎಂಐ) 35 ಅಥವಾ ಹೆಚ್ಚಿದ್ದವರಲ್ಲಿ ಪ್ಲಾಸ್ಮಾ ಗಾತ್ರ ಶೇ. 21–23ರಷ್ಟು ಹೆಚ್ಚಿತ್ತು, ಪಿಎಸ್‌ಎ ಸಾಂದ್ರತೆ ಶೇ. 11–21ರಷ್ಟು ಕಡಿಮೆಯಿತ್ತು. ಒಟ್ಟು ಪಿಎಸ್‌ಎ ಮಾತ್ರ ಮೂರರಲ್ಲಿ ಎರಡು ಗುಂಪುಗಳಲ್ಲಿ ಗಮನಾರ್ಹವಾಗಿ ಬದಲಾಗಿರಲಿಲ್ಲ.

ಪ್ಲಾಸ್ಮಾ ಒಂದೇ ಕಾರಣವಲ್ಲ. ಪಿಎಸ್‌ಎ ಉತ್ಪಾದನೆ ಪುರುಷ ಹಾರ್ಮೋನುಗಳ ಅಧೀನದಲ್ಲಿದ್ದು, ಬೊಜ್ಜು ಇರುವವರಲ್ಲಿ ಟೆಸ್ಟೋಸ್ಟೆರಾನ್ ಕಡಿಮೆಯಿರುವುದು ಸಾಮಾನ್ಯ. ಬೆರಳಿನಿಂದ ಗ್ರಂಥಿಯನ್ನು ಪರೀಕ್ಷಿಸುವುದೂ ಇಂಥವರಲ್ಲಿ ಕಷ್ಟ. ರೋಗ ತಡವಾಗಿ, ಮುಂದುವರಿದ ಹಂತದಲ್ಲಿ ಪತ್ತೆಯಾಗುವ ಅಪಾಯ ಇರುವುದು ಇಲ್ಲಿಯೇ.

ಪ್ರಾಯೋಗಿಕ ಮಹತ್ವ

ತೂಕಕ್ಕೆ ತಕ್ಕಂತೆ ಪಿಎಸ್‌ಎ ಮಿತಿಯನ್ನು ಬದಲಿಸುವ ಸರ್ವಸಮ್ಮತ ಸೂತ್ರ ಇನ್ನೂ ಇಲ್ಲ. ಹಾಗೆಂದು ವರದಿಯ ಅಂಕಿಯನ್ನು ಓದುಗರು ತಾವೇ ತಿದ್ದಿಕೊಂಡು ನಿರ್ಣಯಕ್ಕೆ ಬರುವುದೂ ಸರಿಯಲ್ಲ. ವಯಸ್ಸು, ಗ್ರಂಥಿಯ ಊತ, ಸೋಂಕು ಇವೂ ಅಂಕಿಯನ್ನು ಬದಲಿಸುತ್ತವೆ. ಫಿನಾಸ್ಟರೈಡ್ ಎಂಬ ಔಷಧಿ ಅದನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಒಂದೇ ವರದಿಗಿಂತ ಹಲವು ವರದಿಗಳ ಏರಿಳಿತ ಹೆಚ್ಚು ಉಪಯುಕ್ತ. ಆದರೆ ಎರಡು ಪರೀಕ್ಷೆಗಳ ನಡುವೆ ತೂಕ ಬಹಳ ಬದಲಾಗಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು.

ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ವೈದ್ಯಕೀಯಕ್ಕೆ ಹೊಸದೇನಲ್ಲ. ಶಿಶುವಿನ ಬೆನ್ನುಹುರಿಯ ದೋಷಗಳನ್ನು ಪತ್ತೆಹಚ್ಚಲು ಗರ್ಭಿಣಿಯರ ರಕ್ತದಲ್ಲಿ ಎಎಫ್‌ಪಿ ಅಳೆಯುವಾಗ ತಾಯಿಯ ತೂಕವನ್ನು ಕೇಳಿ ಫಲಿತಾಂಶವನ್ನು ಸರಿಹೊಂದಿಸಲಾಗುತ್ತದೆ. ಅದೇ ಎಎಫ್‌ಪಿಯನ್ನು ಯಕೃತ್ತಿನ ಕ್ಯಾನ್ಸರಿನ ಸೂಚಕವಾಗಿ ಅಳೆದಾಗ ವರದಿಯಲ್ಲಿ ರೋಗಿಯ ತೂಕದ ಪ್ರಸ್ತಾಪವೇ ಸಾಮಾನ್ಯವಾಗಿ ಇರುವುದಿಲ್ಲ.