ಕಂಬಳದ ಓಟದಲ್ಲಿ ಬಲ ಮತ್ತು ಚಲನೆ

ಉಡುಪಿಗೂ ಕಾಪುವಿಗೂ ನಡುವೆ ಇರುವ ಕಟಪಾಡಿಯು ‘ಮೂಡು-ಪಡು’ ಜೋಡುಕರೆ ಕಂಬಳಕ್ಕೆ ಹೆಸರಾದ ಊರು. ಕೆಸರುನೀರು ತುಂಬಿದ ಎರಡು ಕರೆಗಳಲ್ಲಿ ಎರಡು ಜೊತೆ ಕೋಣಗಳು ಏಕಕಾಲದಲ್ಲಿ ಓಡುವ ಈ ಸ್ಪರ್ಧೆಯನ್ನು ಕರಾವಳಿಯ ಕೃಷಿಜೀವನದ ಅಂಗವೆಂದು ವಿವೇಚಿಸುವುದು ವಾಡಿಕೆ. ಇಲ್ಲಿ ನಾವು ಬೇರೊಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ: ಈ ಓಟದ ವೇಗವನ್ನು ಉಂಟುಮಾಡುವ ಬಲ ಯಾರದು? ಅದನ್ನು ಅಳೆಯುವ ಬಗೆ ಹೇಗೆ?

1687ರಲ್ಲಿ ನ್ಯೂಟನ್ನನು ಪ್ರಕಟಿಸಿದ ಚಲನೆಯ ಮೂರು ನಿಯಮಗಳೂ ಕರೆಯಲ್ಲಿ ಕಣ್ಣಿಗೆ ಕಾಣುತ್ತವೆ. ಓಟ ಆರಂಭವಾಗುವ ಗಂತಿನಲ್ಲಿ ಕೋಣಗಳು ನಿಶ್ಚಲವಾಗಿರುತ್ತವೆ. ಬಲವು ವರ್ತಿಸದೆ ಆ ಸ್ಥಿತಿ ಬದಲಾಗದು. ಗೊರಸುಗಳು ನೆಲವನ್ನು ಹಿಂದಕ್ಕೆ ಒತ್ತಿದಾಗ ನೆಲವು ಅಷ್ಟೇ ಬಲದಿಂದ ಕೋಣಗಳನ್ನು ಮುಂದಕ್ಕೆ ಒತ್ತುತ್ತದೆ. ಈ ಬಲವು ನೀರು, ಕೆಸರುಗಳ ತಡೆಯನ್ನು ಮೀರಿರುವವರೆಗೆ ವೇಗವು ಏರುತ್ತದೆ. ವೇಗದೊಡನೆ ತಡೆಯೂ ಏರಿ, ಎರಡೂ ಸಮವಾದಾಗ ಓಟವು ಒಂದೇ ವೇಗದಲ್ಲಿ ಸಾಗುತ್ತದೆ. ವೇಗವಿದ್ದಲ್ಲೆಲ್ಲ ಮುಂದಕ್ಕೆ ತಳ್ಳುವ ಬಲವೇ ಮಿಗಿಲಾಗಿರಬೇಕೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಅದು ಸರಿಯಲ್ಲ, ಮಿಗುವ ಬಲದಿಂದ ಹುಟ್ಟುವುದು ವೇಗದ ಬದಲಾವಣೆ. ಗುರಿ ಮುಟ್ಟಿದ ಕೋಣಗಳು ಥಟ್ಟನೆ ನಿಲ್ಲಲಾರವು. ಆದುದರಿಂದಲೇ ಕರೆಯ ಕೊನೆಯಲ್ಲಿ ಮಂಜೊಟ್ಟಿಯೆಂಬ ಏರು ಇರುತ್ತದೆ. ಅದನ್ನು ಹತ್ತುವಾಗ ಗುರುತ್ವಾಕರ್ಷಣೆಯು ಅವುಗಳ ವೇಗವನ್ನು ಕುಂದಿಸುತ್ತದೆ.

ವೇಗದ ಅಳತೆಯ ವಿಷಯದಲ್ಲಿ ಕನೆಹಲಗೆಯ ವಿಭಾಗವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಇಲ್ಲಿ ಗೆಲುವನ್ನು ನಿರ್ಣಯಿಸುವುದು ಗಡಿಯಾರವಲ್ಲ, ನೀರು. ಕೋಣಗಳು ಎಳೆಯುವ ಹಲಗೆಯ ರಂಧ್ರಗಳಿಂದ ಚಿಮ್ಮಿದ ನೀರು, ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು. ನಿಂತ ನೀರಿಗೆ ಹಲಗೆಯು ಬಂದು ಬಡಿಯುವುದೂ ನಿಂತ ಹಲಗೆಗೆ ಅದೇ ವೇಗದ ನೀರು ಬಂದು ಬಡಿಯುವುದೂ ಚಲನಶಾಸ್ತ್ರದ ದೃಷ್ಟಿಯಲ್ಲಿ ಒಂದೇ. ಆದುದರಿಂದ ರಂಧ್ರದ ಮೂಲಕ ಮೇಲಕ್ಕೆ ತಿರುಗಿದ ನೀರು ಹೆಚ್ಚೆಂದರೆ ಹಲಗೆಯ ವೇಗದಲ್ಲೇ ಏರತೊಡಗೀತು. ಎತ್ತರವಾದರೋ ವೇಗದ ವರ್ಗವನ್ನು ಅನುಸರಿಸುತ್ತದೆ. ಸೆಕೆಂಡಿಗೆ 5 ಮೀಟರು ವೇಗದಲ್ಲಿ ನೀರು ಸುಮಾರು 1.3 ಮೀಟರಿಗಿಂತ ಮೇಲೆ ಹೋಗದು. ವೇಗವು 10 ಮೀಟರಾದರೆ ಈ ಮಿತಿ ಸುಮಾರು 5.1 ಮೀಟರಿಗೆ, ಅಂದರೆ ನಾಲ್ಕು ಪಟ್ಟಿಗೆ, ಏರುತ್ತದೆ. ಗಡಿಯಾರದ ಹಂಗಿಲ್ಲದೆ ವೇಗವನ್ನು ಎತ್ತರವಾಗಿ ಮಾರ್ಪಡಿಸಿ ನೋಡುವ ಉಪಾಯ ಇದು. ನಿಶಾನೆಯನ್ನು ತುಸು ಎತ್ತರಿಸಿದರೂ ಪರೀಕ್ಷೆ ಕಠಿನವಾಗುವುದು ಸಹಜ.

ಇನ್ನು ಬಲ ಯಾರದೆಂಬ ಪ್ರಶ್ನೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರು ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಇದನ್ನು 100 ಮೀಟರಿಗೆ ಇಳಿಸಿ, 9.55 ಸೆಕೆಂಡೆಂದು ಲೆಕ್ಕಹಾಕಿ, 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟರು ಸ್ಥಾಪಿಸಿದ 9.58 ಸೆಕೆಂಡಿನ ದಾಖಲೆಯೊಡನೆ ಹೋಲಿಸಲಾಯಿತು. ಈ ಹೋಲಿಕೆಯಲ್ಲಿ ಎರಡು ದೋಷಗಳಿವೆ. ಮೊದಲನೆಯದಾಗಿ, ಓಟದ ಆರಂಭದಲ್ಲಿ ವೇಗ ಕಡಿಮೆ. ಆದುದರಿಂದ ಮೊದಲ 100 ಮೀಟರಿಗೆ ತಗುಲಿದ ಕಾಲವು ಸರಾಸರಿಯಿಂದ ದೊರೆಯುವುದಿಲ್ಲ. ಎರಡನೆಯದಾಗಿ, ಬೋಲ್ಟರನ್ನು ಮುಂದೊಯ್ದದ್ದು ಅವರ ಕಾಲುಗಳ ಒತ್ತಿಗೆ ನೆಲವು ಕೊಟ್ಟ ಪ್ರತಿಕ್ರಿಯೆ ಮಾತ್ರ. ಕಂಬಳದ ಓಟಗಾರನಿಗೆ ಅದರೊಡನೆ ಕೋಣಗಳ ಸೆಳೆತವೂ ಸೇರುತ್ತದೆ. ಓಟಗಾರನ ಸಾಹಸಕ್ಕೆ ಇದರಿಂದ ಕುಂದಿಲ್ಲ. ಕೆಸರಿನಲ್ಲಿ ಅಷ್ಟು ವೇಗಕ್ಕೆ ಹೆಜ್ಜೆಯನ್ನೂ ಸಮತೋಲವನ್ನೂ ಹೊಂದಿಸಿಕೊಳ್ಳುವುದೇ ಬೇರೊಂದು ವಿದ್ಯೆ. ಆದರೆ ಕೋಣಗಳಿಗೆ ಸಲ್ಲಬೇಕಾದುದನ್ನು ಮನುಷ್ಯನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಈ ವಿವೇಕವು ಬೇರೊಂದು ಕಾರಣದಿಂದಲೂ ಅಗತ್ಯ. 2014ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ಪ್ರಕರಣದಲ್ಲಿ ನೀಡಿದ ತೀರ್ಪಿನಿಂದ ಕಂಬಳಕ್ಕೂ ಕಂಟಕ ಒದಗಿತು. 2017ರ ಕರ್ನಾಟಕದ ತಿದ್ದುಪಡಿ ಕಾನೂನನ್ನು ಅದೇ ನ್ಯಾಯಾಲಯವು 2023ರ ಮೇ 18ರಂದು ಎತ್ತಿಹಿಡಿಯಿತು. ವಾದದ ಒಂದು ಮುಖ್ಯ ಅಂಶ ಪ್ರಾಣಿಹಿಂಸೆ. ಬೆತ್ತದ ಪೆಟ್ಟು ಕೋಣವನ್ನು ಒಯ್ಯುವ ಬಲವಲ್ಲ, ಪ್ರಚೋದನೆ ಮಾತ್ರ. ಓಟಕ್ಕೆ ಬೇಕಾದ ಶಕ್ತಿಯೆಲ್ಲವೂ ಪ್ರಾಣಿಯ ಸ್ನಾಯುಗಳಿಂದಲೇ ಬರಬೇಕು. ಎಷ್ಟು ಪ್ರಚೋದನೆ ಯುಕ್ತ ಎಂಬುದನ್ನು ಭೌತಶಾಸ್ತ್ರವು ತೀರ್ಮಾನಿಸಲಾರದು. ಆದರೆ ಈ ವೇಗದ ಬೆಲೆಯನ್ನು ತೆರುವವರು ಯಾರೆಂಬುದನ್ನು ಅದು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಸುತ್ತದೆ.