ಬಿಚ್ಚಿಟ್ಟ ಕಾರಿಗೆ ಬೆಲೆ ಎಷ್ಟು?

ಅರ್ಧ ಬಿಚ್ಚಿಟ್ಟ ಹಳೆಯ ಫಿಯೆಟ್ 1100 ಕಾರನ್ನು ಮಾರ ಹೊರಟವರು ಎಂಜಿನ್ನಿನ ಗುಣಗಾನ ಮಾಡುತ್ತಾರೆ. ತಿಳಿದು ಕೊಳ್ಳುವವರು ಮೊದಲು ಕೇಳುವುದು ಆರ್.ಸಿ. ಪುಸ್ತಕ. ಅದರಲ್ಲಿರುವ ಚಾಸಿ ನಂಬರು ಕಾರಿನ ಮೇಲಿನ ನಂಬರಿಗೆ ತಾಳೆಯಾಗದಿದ್ದರೆ ಗುಜರಿ ಬೆಲೆಯೇ ಗತಿ.

ಎಂಜಿನ್ ಸವೆದಿದ್ದರೆ ರೀಬೋರ್ ಮಾಡಿಸಬಹುದು. ಕಳೆದುಹೋದ ಕ್ರೋಮ್ ಪಟ್ಟಿ, ಬಾಗಿಲ ಹಿಡಿ, ಗಾಜಿನ ರಬ್ಬರಿಗಾಗಿ ಮಾತ್ರ ವರ್ಷಗಟ್ಟಲೆ ಅಲೆಯಬೇಕು. ಯಾವ ಬೋಲ್ಟು ಎಲ್ಲಿಯದೆಂಬುದು ಬಿಚ್ಚಿದವರಿಗಷ್ಟೇ ಗೊತ್ತು. ಡಬ್ಬಿಗಳಿಗೆ ಚೀಟಿ ಅಂಟಿಸಿಟ್ಟವರ ಕಾರಿಗೆ ಹೆಚ್ಚು ಬೆಲೆ ಸಿಗುವುದು ಸುಮ್ಮನೆ ಅಲ್ಲ.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹೀಗಾಗಿ, ಬೇರೆ ಡೀಸೆಲ್ ಎಂಜಿನ್ ಕೂರಿಸಿ ಓಡಾಡುತ್ತಿರುವ ಕಾರಿಗಿಂತ, ಶೆಡ್ಡಿನಲ್ಲಿ ಬಿಚ್ಚಿಬಿದ್ದಿರುವ ಅಸಲಿ ಕಾರೇ ಹೆಚ್ಚು ಬೆಲೆಗೆ ಹೋಗಬಹುದು.